ಮೊದಲ ಗನ್ ಕೊಳ್ಳಲು ಬಂದವರೊಡನೆ ಹಳಬರು ನಡೆದುಕೊಳ್ಳಬೇಕಾದ ರೀತಿ

ಶೂಟಿಂಗ್ ರೇಂಜಿಗೆ ಹೊಸದಾಗಿ ಸೇರಿದವರು ಒಂದೆರಡು ವಾರ ಕಳೆಯುವಷ್ಟರಲ್ಲಿ ಪಕ್ಕದ ಲೇನಿನ ಹಳಬರನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಸರ್, ಯಾವ ಗನ್ ತಗೊಳ್ಳಲಿ?" ಇದಕ್ಕೆ ಒಬ್ಬರು ತಾವು ಬಳಸುವ ಕಂಪನಿಯ ಹೆಸರು ಹೇಳುತ್ತಾರೆ, ಇನ್ನೊಬ್ಬರು ಅದನ್ನು ತಳ್ಳಿಹಾಕಿ ಬೇರೊಂದನ್ನು ಹೊಗಳುತ್ತಾರೆ, ಮೂರನೆಯವರು ತಮ್ಮ ಹಳೆಯ ಗನ್ ಮಾರಾಟಕ್ಕಿದೆ ಎಂಬ ಮಾತನ್ನು ನಡುವೆ ತೂರಿಸುತ್ತಾರೆ. ಕೇಳಿದವರು ಬಂದಾಗ ಇದ್ದದ್ದಕ್ಕಿಂತ ಹೆಚ್ಚಿನ ಗೊಂದಲದೊಂದಿಗೆ ಮನೆಗೆ ಹೋಗುತ್ತಾರೆ. ಈ ಬರಹವನ್ನು ಹೊಸಬರಿಗಾಗಿ ಬರೆದಿಲ್ಲ. ಗಾಳಿಯ ಒತ್ತಡದಿಂದ ಗುಂಡು ಹಾರಿಸಿ 10 ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ರೈಫಲ್ ಅಥವಾ ಏರ್ ಪಿಸ್ತೂಲಿನಲ್ಲಿ ಕೆಲವು ವರ್ಷ ಕಳೆದು, ಈಗ ಸಲಹೆ ಕೊಡುವ ಸ್ಥಾನದಲ್ಲಿರುವವರಿಗಾಗಿ ಬರೆದಿದ್ದೇನೆ. ಮೊದಲ ಗನ್ನಿನ ಮೇಲೆ ಪೋಲಾಗುವ ಹಣದಲ್ಲಿ ಬಹುಪಾಲು ಕೇಳಿದವರ ಅವಸರದಿಂದಲ್ಲ, ಹೇಳಿದವರ ಅವಸರದಿಂದ ಪೋಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಕಂಪನಿಯ ಹೆಸರನ್ನು ಕೊನೆಗೆ ಇಟ್ಟುಕೊಂಡು, ಮೊದಲು ನೀವೇ ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ದಿನ ರೇಂಜಿಗೆ ಬರಲು ಸಾಧ್ಯ, ಸ್ಪರ್ಧೆಗೆ ಇಳಿಯುವ ಇರಾದೆ ಇದೆಯೇ ಅಥವಾ ಭಾನುವಾರದ ಹವ್ಯಾಸವೇ, ಗನ್ ಕೊಂಡ ಮೇಲೆ ತಿಂಗಳು ತಿಂಗಳು ಎಷ್ಟು ಖರ್ಚು ಮಾಡಬಲ್ಲರು, ಕೋಚ್ ಯಾರು, ಕೋಚ್ ಏನು ಹೇಳಿದ್ದಾರೆ ಎಂಬುದನ್ನೆಲ್ಲ ತಿಳಿದುಕೊಂಡ ಮೇಲಷ್ಟೇ ಉತ್ತರ ಕೊಡುವ ಅರ್ಹತೆ ನಿಮಗೆ ಬರುತ್ತದೆ. ಗನ್ ಹಿಡಿಯುವವರು ಯಾರೋ ಅವರೊಡನೆಯೇ ಮಾತನಾಡಬೇಕೆಂಬುದು ಹೇಳುವ ಅಗತ್ಯವೇ ಇಲ್ಲದ ಮಾತೆನಿಸಬಹುದು, ಆದರೆ ನಮ್ಮ ರೇಂಜುಗಳಲ್ಲಿ ಇದು ದಿನವೂ ತಪ್ಪುತ್ತದೆ. ಹದಿಮೂರು ವರ್ಷದ ಮಗಳು ಕೈಕಟ್ಟಿ ನಿಂತಿರುತ್ತಾಳೆ, ಅಪ್ಪ ಮತ್ತು ಹಿರಿಯ ಶೂಟರ್ ಇಬ್ಬರೂ ಅವಳ ತಲೆಯ ಮೇಲಿಂದ ಬ್ಯಾರೆಲ್ಲು, ಬೆಲೆ, ಡೀಲರು ಎಂದು ಅರ್ಧ ಗಂಟೆ ಚರ್ಚಿಸುತ್ತಾರೆ. ನಿನಗೆ ರೈಫಲ್ ಇಷ್ಟವಾಯಿತೋ ಪಿಸ್ತೂಲೋ ಎಂದು ಅವಳನ್ನು ಯಾರೂ ಕೇಳುವುದಿಲ್ಲ. ಪತಿಯೊಡನೆ ಬಂದ ಮಹಿಳೆಯರಿಗೂ ಇದೇ ಅನುಭವವಾಗುತ್ತದೆ. "ಏನಮ್ಮ, ಎರಡನ್ನೂ ಹಿಡಿದು ನೋಡಿದೆಯಾ? ಯಾವುದು ಹಿಡಿಸಿತು?" ಎಂದು ನೇರವಾಗಿ ಕೇಳಿದರೆ ಆ ಅರ್ಧ ಗಂಟೆಯ ಚರ್ಚೆಯಲ್ಲಿ ಸಿಗದ ಉತ್ತರ ಒಂದೇ ನಿಮಿಷದಲ್ಲಿ ಸಿಗುತ್ತದೆ.

ಎರಡನೆಯ ಕೆಲಸವೆಂದರೆ ಖರೀದಿಯನ್ನು ಮುಂದೂಡಿಸುವುದು. ಬಹುತೇಕ ರೇಂಜುಗಳಲ್ಲಿ ಕಲಿಯುವವರಿಗೆಂದೇ ಕ್ಲಬ್ ಗನ್ನುಗಳಿರುತ್ತವೆ. ಎರಡು ಮೂರು ತಿಂಗಳು ಅವುಗಳಲ್ಲೇ ಅಭ್ಯಾಸ ಮಾಡುವಂತೆ ಹೇಳಿ. ಈ ಅವಧಿಯಲ್ಲಿ ರೈಫಲ್ಲೋ ಪಿಸ್ತೂಲೋ ಎಂಬ ತೀರ್ಮಾನವಾಗಬೇಕು, ಏಕೆಂದರೆ ಅದು ಗನ್ನಿನ ಆಯ್ಕೆ ಮಾತ್ರವಲ್ಲ, ಇಡೀ ಖರ್ಚಿನ ಆಯ್ಕೆಯೂ ಹೌದು. ಏರ್ ರೈಫಲ್ 5.5 ಕಿಲೋವರೆಗೆ ತೂಗಬಹುದು. ಅದನ್ನು ಹಿಡಿದು ನಿಲ್ಲಲು ದಪ್ಪ ಕ್ಯಾನ್ವಾಸ್ ಮತ್ತು ಚರ್ಮದ ಜಾಕೆಟ್, ಪ್ಯಾಂಟ್, ಶೂ, ಕೈಗವಸು ಎಲ್ಲವೂ ಬೇಕು, ಜಾಕೆಟ್ಟಂತೂ ಮೈ ಅಳತೆಗೆ ಸರಿಯಾಗಿರಬೇಕು, ಬೆಳೆಯುವ ಮಕ್ಕಳಿಗೆ ಅದು ಎರಡು ವರ್ಷದಲ್ಲಿ ಬಿಗಿಯಾಗುತ್ತದೆ. ಏರ್ ಪಿಸ್ತೂಲಿನ ತೂಕದ ಮಿತಿ 1.5 ಕಿಲೋ, ಅದಕ್ಕೆ ಚಪ್ಪಟೆ ಅಡಿಯ ಶೂ ಇದ್ದರೆ ಹೆಚ್ಚುಕಡಿಮೆ ಸಾಕು. ಇದನ್ನು ಹೇಳದೆ ರೈಫಲ್ಲಿನ ಬೆಲೆಯನ್ನಷ್ಟೇ ಹೇಳಿದರೆ ತಂದೆ ತಾಯಿಯರು ಮುಂದಿನ ತಿಂಗಳು ಕಿಟ್ಟಿನ ಪಟ್ಟಿ ನೋಡಿ ಬೆಚ್ಚಿಬೀಳುತ್ತಾರೆ.

ಕೊಳ್ಳುವ ಮುನ್ನ ಕಣ್ಣಿನ ಪರೀಕ್ಷೆಯನ್ನು ನೀವೇ ನಿಂತು ಮಾಡಿಸಬಹುದು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಅಂಗೈಗಳನ್ನು ಒಂದರ ಮೇಲೊಂದು ಇರಿಸಿ, ಹೆಬ್ಬೆರಳುಗಳ ಬುಡದಲ್ಲಿ ಸಣ್ಣ ಕಿಂಡಿ ಉಳಿಯುವಂತೆ ಮಾಡಿಸಿ. ಎರಡೂ ಕಣ್ಣು ತೆರೆದುಕೊಂಡೇ ಆ ಕಿಂಡಿಯಲ್ಲಿ ಟಾರ್ಗೆಟ್ಟಿನ ಕಪ್ಪು ಬೊಟ್ಟನ್ನು ನೋಡಲು ಹೇಳಿ, ಆಮೇಲೆ ಒಂದೊಂದೇ ಕಣ್ಣನ್ನು ಮುಚ್ಚಿಸಿ. ಯಾವ ಕಣ್ಣು ಮುಚ್ಚಿದಾಗ ಬೊಟ್ಟು ಮಾಯವಾಗುತ್ತದೋ ಅದೇ ಮಾಸ್ಟರ್ ಐ, ಅಂದರೆ ಗುರಿ ನೋಡುವಾಗ ಮೇಲುಗೈ ಪಡೆಯುವ ಕಣ್ಣು. ಬಲಗೈಯಲ್ಲಿ ಬರೆಯುವವರಲ್ಲೂ ಎಡಗಣ್ಣು ಮೇಲುಗೈ ಪಡೆದಿರುವವರು ಸಾಕಷ್ಟು ಮಂದಿ ಇದ್ದಾರೆ. ಅಂಥವರು ಎಡಭುಜದಲ್ಲಿ ರೈಫಲ್ ಹಿಡಿಯಬೇಕೋ, ಎಡಗಣ್ಣಿಗೆ ನೋಟ ಮರೆಮಾಡುವ ಬ್ಲೈಂಡರ್ ಪಟ್ಟಿ ಹಾಕಿ ಬಲಭುಜದಲ್ಲೇ ಮುಂದುವರಿಯಬೇಕೋ ಎಂಬುದನ್ನು ಕೋಚ್ ತೀರ್ಮಾನಿಸಲಿ. ಆದರೆ ಆ ತೀರ್ಮಾನ ಖರೀದಿಗೆ ಮುಂಚೆ ಆಗಬೇಕು, ಏಕೆಂದರೆ ಕೈಹಿಡಿಯಾದ ಗ್ರಿಪ್ಪು, ಕೆನ್ನೆ ಒರಗಿಸುವ ಚೀಕ್ ಪೀಸು, ಗನ್ನನ್ನು ಹೊಡೆಯಲು ಸಜ್ಜುಗೊಳಿಸುವ ಕಾಕಿಂಗ್ ಲಿವರಿನ ಬದಿ ಎಲ್ಲವೂ ಬಲ, ಎಡ ಎಂದು ಬೇರೆ ಬೇರೆ ಬರುತ್ತವೆ.

ಪಿಸ್ತೂಲಿನಲ್ಲಿ ಗ್ರಿಪ್ಪಿನ ಅಳತೆಯೇ ಮುಖ್ಯವಾದ ವಿಷಯ, ಹಳಬರ ನೆರವು ನಿಜವಾಗಿ ಬೇಕಾಗುವುದೂ ಇಲ್ಲಿಯೇ. ಹೊಸಬರ ಕೈಗೆ ಪಿಸ್ತೂಲು ಕೊಟ್ಟು, ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಕವಲು ಗ್ರಿಪ್ಪಿನ ಮೇಲ್ಭಾಗಕ್ಕೆ ಒತ್ತಿ ಕೂತಿದೆಯೇ ಎಂದು ನೋಡಿ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರಿನ ನಡುವಿಗೆ ಬರಬೇಕು, ಬೆರಳಿನ ಉಳಿದ ಭಾಗ ಗ್ರಿಪ್ಪಿನ ಮರಕ್ಕೆ ತಾಗಬಾರದು. ಗ್ರಿಪ್ ದೊಡ್ಡದಾದರೆ ಬೆರಳ ತುದಿಯಷ್ಟೇ ಟ್ರಿಗರಿಗೆ ನಿಲುಕಿ, ಎಳೆದಾಗಲೆಲ್ಲ ಮೂತಿ ಪಕ್ಕಕ್ಕೆ ಸರಿಯುತ್ತದೆ. ಸ್ವಲ್ಪ ದೊಡ್ಡದಿದ್ದರೆ ಅರದಿಂದ ಉಜ್ಜಿ ಸರಿಮಾಡಬಹುದು, ಟೊಳ್ಳಿದ್ದಲ್ಲಿ ಮರದ ಪುಟ್ಟಿ ತುಂಬಬಹುದು. ಹೊಳೆಯುವ ಹೊಸ ವಾಲ್ನಟ್ ಗ್ರಿಪ್ಪಿಗೆ ಅರ ಹಚ್ಚಲು ಹೊಸಬರ ಕೈ ನಡುಗುತ್ತದೆ ಎಂಬುದು ಸಹಜ, ಅದಕ್ಕೆ ಪುಟ್ಟಿ ಮೆತ್ತಿ ವಿಕಾರವಾಗಿ ಕಾಣುವ ನಿಮ್ಮದೇ ಗ್ರಿಪ್ಪನ್ನು ತೋರಿಸಿದರೆ ಸಾಕು.

ಕಾನೂನಿನ ವಿಷಯದಲ್ಲಿ ಅರ್ಧಂಬರ್ಧ ಹೇಳಬೇಡಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ., ಅಂದರೆ 0.177 ಇಂಚು ಬೋರಿನ (ಬ್ಯಾರೆಲ್ಲಿನ ಒಳವ್ಯಾಸದ) ಹಾಗೂ 20 ಜೂಲ್ ಮೀರದ ಶಕ್ತಿಯ ಏರ್ ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಮ್ಯಾಚ್ ರೈಫಲ್ಲುಗಳ, ಅಂದರೆ ಸ್ಪರ್ಧೆಗೆಂದೇ ತಯಾರಾದ ಏರ್ ರೈಫಲ್ಲುಗಳ ಶಕ್ತಿ ಈ ಮಿತಿಗಿಂತ ಬಹಳ ಕೆಳಗಿರುತ್ತದೆ. ಬೋರು, ಶಕ್ತಿ ಇವೆರಡರಲ್ಲಿ ಯಾವುದಾದರೂ ಒಂದು ಮಿತಿ ಮೀರಿದರೂ ಲೈಸೆನ್ಸ್ ಬೇಕು. ಮದ್ದಿನ ಗುಂಡು ಹಾರಿಸುವ .22 ರೈಫಲ್ಲಿಗಂತೂ ಬೇಕೇ ಬೇಕು, ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಅದು ಆಟಿಕೆಯಲ್ಲ, ಕಣ್ಣು ಕಳೆಯಬಲ್ಲ ವಸ್ತು ಎಂಬುದನ್ನೂ, ತೋಟದಲ್ಲಿ ಹಕ್ಕಿಗೆ ಗುರಿಯಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಿಕ್ಕಿಬೀಳಬಹುದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಡಿ.

ಕೊಡಗಿನಿಂದ ಬಂದವರ ವಿಷಯ ಬೇರೆ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದಿನಂದು, ಅಂದರೆ ಆಯುಧಗಳನ್ನು ಪೂಜಿಸುವ ಕೊಡವರ ಹಬ್ಬದಂದು, ತೋಕಿಗೆ ಎಂದರೆ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡುತ್ತಾ ಬೆಳೆದ ಹುಡುಗನಿಗೆ ಬಂದೂಕಿನ ಶಿಸ್ತು ಮನೆಯಲ್ಲೇ ದೊರೆತಿರುತ್ತದೆ. ಅವನನ್ನು ಏನೂ ಅರಿಯದವನಂತೆ ಕಾಣುವುದು ಅವಿವೇಕ. ಆದರೆ ಹತ್ತು ಅಂಕದ ನಡುವೃತ್ತವೇ ಕೇವಲ 0.5 ಮಿ.ಮೀ. ಇರುವ ಏರ್ ರೈಫಲ್ ಟಾರ್ಗೆಟ್ ಅವನಿಗೂ ಹೊಸತೇ, ಆದ್ದರಿಂದ ಕ್ಲಬ್ ಗನ್ನಿನ ಎರಡು ಮೂರು ತಿಂಗಳು ಅವನಿಗೂ ಅನ್ವಯಿಸುತ್ತದೆ.

ಕೆಲವರು ನಿಮ್ಮನ್ನು ಕೇಳುವ ಮೊದಲೇ ಕೊಂಡುಕೊಂಡು ಬಂದಿರುತ್ತಾರೆ. ಬ್ಯಾರೆಲ್ ಮಡಚಿ ಪೆಲೆಟ್ (ಏರ್ ಗನ್ನಿನ ಸಣ್ಣ ಸೀಸದ ಗುಂಡು) ತುಂಬುವ ಸ್ಪ್ರಿಂಗ್ ಗನ್, ಅದರ ಮೇಲೊಂದು ದೂರದರ್ಶಕ. ಸ್ಪರ್ಧೆಯ 10 ಮೀಟರ್ ವಿಭಾಗದಲ್ಲಿ ಆ ದೂರದರ್ಶಕಕ್ಕೆ ಅವಕಾಶವೇ ಇಲ್ಲ. ಇಂಥವರು ಕೇಸ್ ತೆರೆದ ಕೂಡಲೇ ಸುತ್ತ ನಿಂತವರು ನಗುವುದುಂಟು, ನಕ್ಕ ದಿನವೇ ಆ ವ್ಯಕ್ತಿ ರೇಂಜಿಗೆ ಬರುವುದು ಕೊನೆಯಾಗುವುದೂ ಉಂಟು. ಅದರಲ್ಲೂ ನಿಲುವು, ಉಸಿರು, ಟ್ರಿಗರ್ ಹದ ಕಲಿಯಬಹುದು ಎಂದು ಹೇಳಿ, ದೂರದರ್ಶಕ ಬಿಚ್ಚಿ ಬ್ಯಾರೆಲ್ಲಿನ ಮೇಲಿರುವ ಗಾಜಿಲ್ಲದ ಗುರಿಕಂಡಿ, ಅಂದರೆ ಓಪನ್ ಸೈಟಿನಲ್ಲಿ ಹೊಡೆಯಲು ಹೇಳಿ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯದೆ ಕೊಡಿ: ರೇಂಜಿನಲ್ಲಿ ಎಲ್ಲರೂ ಡ್ರೈ ಫೈರ್ ಮಾಡುವುದನ್ನು ನೋಡಿ ಅವರೂ ಮನೆಯಲ್ಲಿ ಪೆಲೆಟ್ ಇಲ್ಲದೆ ಸ್ಪ್ರಿಂಗ್ ಗನ್ ಹೊಡೆಯತೊಡಗಿದರೆ ಪಿಸ್ಟನ್ ಸೀಲ್ ಹಾಳಾಗುತ್ತದೆ. ಮ್ಯಾಚ್ ಗನ್ನುಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ವ್ಯವಸ್ಥೆ ಇರುತ್ತದೆ, ಇದರಲ್ಲಿ ಇರುವುದಿಲ್ಲ.

ಇನ್ನು ಕಂಪನಿಯ ಮಾತು. ಫೈನ್‌ವೆರ್ಕ್‌ಬೌ, ವಾಲ್ಟರ್, ಸ್ಟೈಯರ್, ಮೊರಿನಿ, ಪಾರ್ದಿನಿ ಇವೆಲ್ಲವೂ ಒಳ್ಳೆಯ ಹೆಸರುಗಳೇ. ವಿದೇಶಿ ಮ್ಯಾಚ್ ರೈಫಲ್ಲಿನ ಬೆಲೆ ಲಕ್ಷಗಳಲ್ಲಿದೆ. ನಮ್ಮಲ್ಲೇ ತಯಾರಾಗುವ ಪ್ರೆಸಿಹೋಲ್‌ನಂಥ ಗನ್ನು ಕೊಳ್ಳುವವರನ್ನು ಕೀಳಾಗಿ ಕಾಣುವ ಚಾಳಿ ಕೆಲವು ಹಳಬರಲ್ಲಿದೆ. ಹತ್ತು ಪೆಲೆಟ್ಟುಗಳು ಟಾರ್ಗೆಟ್ಟಿನ ಎಲ್ಲ ಮೂಲೆಗಳಿಗೂ ಹಂಚಿಹೋಗುತ್ತಿರುವ ಹಂತದಲ್ಲಿ ಎರಡು ಗನ್ನುಗಳ ನಡುವಿನ ವ್ಯತ್ಯಾಸ ಸ್ಕೋರಿನಲ್ಲಿ ಕಾಣುವುದೇ ಇಲ್ಲ. ನನ್ನನ್ನು ಕೇಳಿದರೆ, ಗನ್ನಿನ ಬೆಲೆಗಿಂತ ರಿಪೇರಿಯ ಅನುಕೂಲಕ್ಕೆ ಹೆಚ್ಚು ಗಮನ ಕೊಡಬೇಕು: ನಿಮ್ಮ ಊರಿನಲ್ಲಿ, ಕೊನೆಗೆ ಬೆಂಗಳೂರಿನಲ್ಲಾದರೂ, ಸೀಲ್ ಬದಲಿಸಬಲ್ಲವರು ಇರುವ ಗನ್ನನ್ನೇ ಸೂಚಿಸಿ. 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆಯೇ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟು, ದುರಸ್ತಿಯಲ್ಲಿ ಅಮೂಲ್ಯ ನಿಮಿಷಗಳು ಕಳೆದು, 575 ಅಂಕಗಳೊಂದಿಗೆ ಅವರು 12ನೆಯ ಸ್ಥಾನದಲ್ಲಿ ಉಳಿದರು. ದೇಶದ ತಂಡದ ನೆರವಿರುವವರಿಗೇ ಹಾಗಾಗುವುದಾದರೆ, ಬಿಡಿಭಾಗ ವಿದೇಶದಿಂದ ಬರುವವರೆಗೆ ಕಾಯಬೇಕಾದ ಹೊಸಬರ ಪಾಡನ್ನು ಊಹಿಸಿಕೊಳ್ಳಿ.

ತಿಂಗಳ ಖರ್ಚನ್ನು ಕಾಗದದ ಮೇಲೆ ಬರೆದು ತೋರಿಸಿ. ಮ್ಯಾಚ್ ಪೆಲೆಟ್ ಡಬ್ಬಿಯಲ್ಲಿ ಸಾಮಾನ್ಯವಾಗಿ 500 ಇರುತ್ತವೆ. ಸ್ಪರ್ಧೆಯಲ್ಲಿ 60 ಗುಂಡು, ಅಭ್ಯಾಸದಲ್ಲಿ ದಿನಕ್ಕೆ 100 ಎಂದು ಹಿಡಿದರೂ ಐದು ದಿನಕ್ಕೆ ಒಂದು ಡಬ್ಬಿ ಖಾಲಿ. 4.49 ಮಿ.ಮೀ., 4.50 ಮಿ.ಮೀ. ಎಂದು ಪೆಲೆಟ್ಟಿನ ತಲೆಯ ಅಳತೆ ಹುಡುಕುವ ಕೆಲಸ ಈಗಲೇ ಬೇಡವೆಂದು ತಡೆಯಿರಿ. ಮ್ಯಾಚ್ ಗನ್ನಿನ ಗಾಳಿಯ ಸಿಲಿಂಡರಿಗೆ 200 ಬಾರ್ ಒತ್ತಡದ ಗಾಳಿ ತುಂಬಲು ರೇಂಜಿನಲ್ಲಿ ವ್ಯವಸ್ಥೆ ಇದೆಯೇ, ಇಲ್ಲವೇ ಕೈಪಂಪ್ ಕೊಳ್ಳಬೇಕೇ ಎಂಬುದೂ ಈ ಲೆಕ್ಕದಲ್ಲಿರಲಿ. ತುಂಬಬೇಕಾದದ್ದು ಶುದ್ಧವಾದ, ಒಣಗಿದ ಗಾಳಿ ಮಾತ್ರ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸಿದರೆ ಸಿಲಿಂಡರ್ ಸಿಡಿಯುವ ಅಪಾಯವಿದೆ.

ಹಳೆಯ ಗನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಮ್ಯಾಚ್ ಗನ್ನುಗಳು ಹತ್ತಾರು ವರ್ಷ ಬಾಳುತ್ತವೆ. ಆದರೆ ಮಾರುವವರು ನೀವೇ ಆದಾಗ ಸಲಹೆಗಾರರ ಸ್ಥಾನದಿಂದ ಕೆಳಗಿಳಿಯಬೇಕು. "ಇದು ನನ್ನದು, ಮಾರಬೇಕೆಂದಿದ್ದೇನೆ, ನೀವು ಬೇರೆಯವರಿಗೂ ತೋರಿಸಿ ನೋಡಿ" ಎಂದು ಮೊದಲೇ ಹೇಳಿ, ಕೋಚನ್ನೋ ಇನ್ನೊಬ್ಬ ಹಿರಿಯರನ್ನೋ ಕರೆಸಿ. ಅವರು ನೋಡಬೇಕಾದ ಮೊದಲ ಸಂಗತಿ ಸಿಲಿಂಡರಿನ ಮೇಲೆ ಕೊರೆದಿರುವ ತಯಾರಿಕೆಯ ತಿಂಗಳು ಮತ್ತು ವರ್ಷ. ಅಂತರರಾಷ್ಟ್ರೀಯ ನಿಯಮದಂತೆ ಸಿಲಿಂಡರಿನ ಬಾಳಿಕೆಯ ಮಿತಿ 10 ವರ್ಷ. ಆ ಅವಧಿ ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಗನ್ನಿನ ಬೆಲೆಯಿಂದ ಕಳೆಯಲೇಬೇಕು. ಎರಡನೆಯದು ಸೋರಿಕೆ: ಸಂಜೆ ಮಾಪಕದ ಮುಳ್ಳು ನಿಂತ ಜಾಗದ ಫೋಟೋ ತೆಗೆದುಕೊಂಡು, ಸಿಲಿಂಡರನ್ನು ಗನ್ನಿಗೆ ಜೋಡಿಸಿಯೇ ಇರಿಸಿ, ಮರುದಿನ ಬೆಳಿಗ್ಗೆ ಮತ್ತೆ ನೋಡಿ, ಮುಳ್ಳು ಇಳಿದಿದ್ದರೆ ಸೀಲ್ ಹೋಗಿದೆ ಎಂದರ್ಥ. ಮೂರನೆಯದು, ಮೇಜಿನ ಮೇಲೆ ಆಧಾರ ಕೊಟ್ಟು ಐದು ಪೆಲೆಟ್ ಹೊಡೆಸುವುದು. ಒಳ್ಳೆಯ ಬ್ಯಾರೆಲ್ಲಾದರೆ ಐದೂ ಸೇರಿ ಪೆಲೆಟ್ಟಿಗಿಂತ ತುಸುವೇ ದೊಡ್ಡದಾದ ಒಂದು ತೂತಾಗುತ್ತದೆ. ಮೂಲ ಬಿಲ್ಲಿಲ್ಲದ, ಸೀರಿಯಲ್ ನಂಬರ್ ಉಜ್ಜಿಹೋದ ಗನ್ನನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ ಎಂದು ಖಂಡಿತವಾಗಿ ಹೇಳಿ.

ಗನ್ ಕೈಗೆ ಬಂದ ದಿನ ಸುತ್ತ ನಾಲ್ಕು ಜನ ಸೇರಿ, ಒಬ್ಬೊಬ್ಬರೂ ಒಂದೊಂದು ಸ್ಕ್ರೂ ತಿರುಗಿಸುವುದು ನಮ್ಮಲ್ಲಿ ಒಂದು ಸಂಭ್ರಮವೇ ಆಗಿಬಿಟ್ಟಿದೆ. ಅದನ್ನು ತಡೆಯುವುದು ನಿಮ್ಮ ಕೆಲಸ. ಕಾರ್ಖಾನೆಯ ಸೆಟ್ಟಿಂಗನ್ನು ಬರೆದಿಟ್ಟುಕೊಂಡು, ಸೈಟ್ ಮತ್ತು ಭುಜಕ್ಕೆ ಒತ್ತುವ ಬಟ್ ಪ್ಲೇಟನ್ನಷ್ಟೇ ಕೋಚ್ ಎದುರಿನಲ್ಲಿ ಹೊಂದಿಸಲಿ. ಪಿಸ್ತೂಲಿನ ಟ್ರಿಗರ್ ತೂಕ, ಅಂದರೆ ಟ್ರಿಗರ್ ಎಳೆಯಲು ಬೇಕಾದ ಭಾರ, ಕನಿಷ್ಠ 500 ಗ್ರಾಂ ಇರಬೇಕೆಂಬ ನಿಯಮವಿರುವುದರಿಂದ ಅದಕ್ಕೆ ಸುಮ್ಮನೆ ಕೈಹಾಕುವುದು ಬೇಡ. ಆ ದಿನ ಕಲಿಸಬೇಕಾದದ್ದು ಬೇರೆಯೇ ಇದೆ: ಕೇಸ್ ತೆರೆಯುವಾಗ ಮೂತಿ ಟಾರ್ಗೆಟ್ಟಿನ ಕಡೆಗೇ ಇರಬೇಕು, ಲಿವರ್ ತೆರೆದಿರಬೇಕು, ಬ್ಯಾರೆಲ್ಲಿನ ಒಳಗೆ ಈ ತುದಿಯಿಂದ ಆ ತುದಿಯವರೆಗೆ ಗುಂಡಿಲ್ಲವೆಂದು ತೋರಿಸುವ ಕಿತ್ತಳೆ ಬಣ್ಣದ ಸೇಫ್ಟಿ ದಾರ ಕಾಣುತ್ತಿರಬೇಕು, ಇನ್ನೊಬ್ಬರ ಗನ್ನನ್ನು ಕೇಳದೆ ಮುಟ್ಟಬಾರದು. ಪೆಲೆಟ್ ಸೀಸದ್ದು, ಆದ್ದರಿಂದ ಕೈ ತೊಳೆಯದೆ ಟಿಫನ್ ಡಬ್ಬಿ ತೆರೆಯಬಾರದೆಂದು ಮಕ್ಕಳಿಗೆ ಮಾತ್ರವಲ್ಲ, ಅವರ ಪಕ್ಕದಲ್ಲಿ ಕೂತು ಚಕ್ಕುಲಿ ಹಂಚುವ ದೊಡ್ಡವರಿಗೂ ಹೇಳಬೇಕಾಗುತ್ತದೆ. ಬಿಲ್ಲಿನ ಒಂದು ಪ್ರತಿ ಕೇಸಿನಲ್ಲಿರಲಿ, ಇನ್ನೊಂದು ಮನೆಯಲ್ಲಿರಲಿ; ಮನೆಯಲ್ಲಿ ಗನ್ನು ಒಂದು ಬೀರುವಿನಲ್ಲಿ, ಪೆಲೆಟ್ ಇನ್ನೊಂದರಲ್ಲಿ, ಎರಡಕ್ಕೂ ಬೀಗ, ಬೀಗದ ಕೈ ದೊಡ್ಡವರ ಬಳಿ.