ಡ್ಯಾಫೊಡಿಲ್ ಎಲೆಗೆ ಕತ್ತರಿ ಹಾಕಬೇಡಿ

ವೇಲ್ಸ್‌ನ ಕಾರ್ಡಿಫ್‌ಗೆ ಹೊಸದಾಗಿ ಬಂದಿದ್ದೀರಾ? ಜಿಪಿ ಅಂದರೆ ಮನೆ ಡಾಕ್ಟರ ಹತ್ತಿರ ನೋಂದಣಿ, ಕೌನ್ಸಿಲ್ ಟ್ಯಾಕ್ಸ್ ಅನ್ನುವ ಮನೆ ತೆರಿಗೆ ಎಲ್ಲ ಮೊದಲ ವಾರವೇ ಮುಗಿಸಿಬಿಡಿ. ನಾನು ಹೇಳಬೇಕಿರುವುದು ಹಿತ್ತಿಲಿನ ವಿಷಯ.

ನಾವು ಈ ಮನೆಗೆ ಬಂದ ವರ್ಷ ಮಾರ್ಚಿನಲ್ಲಿ ಬೇಲಿಯುದ್ದಕ್ಕೂ ಡ್ಯಾಫೊಡಿಲ್ ಅನ್ನುವ, ಗಡ್ಡೆಯಿಂದ ಬರುವ ಹಳದಿ ಹೂ ಅರಳಿತ್ತು. ಹೂ ಬಾಡಿದ ಮೇಲೆ ಎಲೆಗಳು ಜೋತುಬಿದ್ದವು. ಹಬ್ಬಕ್ಕೆ ಅಂಗಳ ಚೊಕ್ಕ ಮಾಡುವ ನಮ್ಮ ಅಭ್ಯಾಸ ಇದೆಯಲ್ವಾ, ಹಾಗೇ ಎಲ್ಲವನ್ನೂ ಬುಡಕ್ಕೆ ಕತ್ತರಿಸಿದೆ. ಮರುವರ್ಷ ಹೂ ಅರ್ಧಕ್ಕಿಳಿಯಿತು. ಆ ಸಲ ಎಲೆಗಳನ್ನು ಜಡೆ ಹೆಣೆದು ಕಟ್ಟಿದೆ. ಅದೂ ತಪ್ಪೇ. ಆ ಎಲೆಯೇ ಬಿಸಿಲು ಕುಡಿದು ಮುಂದಿನ ವರ್ಷದ ಹೂವಿಗೆ ಗಡ್ಡೆಯಲ್ಲಿ ಊಟ ಕೂಡಿಡುವುದು. ಹೂ ಮುಗಿದ ಮೇಲೆ ಕನಿಷ್ಠ 6 ವಾರ ಅದನ್ನು ಮುಟ್ಟಬೇಡಿ. ಬೀಜ ಕಟ್ಟದ ಹಾಗೆ ಬಾಡಿದ ಹೂವನ್ನಷ್ಟೇ ಚಿವುಟಿ.

ಎಲೆ ಕತ್ತರಿಸದೆ ಹಾಗೇ ಬಿಟ್ಟರೂ ನಮಗೆ ಹೂ ಬರಲಿಲ್ಲ. ವರ್ಷಗಟ್ಟಲೆ ಮರಿ ಹಾಕಿ ಗಡ್ಡೆಗಳು ಒತ್ತೊತ್ತಾಗಿದ್ದವು. ಬರೀ ಎಲೆ ಬರುವ ಇಂಥ ಗಿಡವನ್ನು ಇಲ್ಲಿಯವರು ‘ಬ್ಲೈಂಡ್’ ಅನ್ನುತ್ತಾರೆ. ಜೂನ್ ಹೊತ್ತಿಗೆ ಎಲೆ ಹಳದಿಯಾದಾಗ ಇಡೀ ಬುಡವನ್ನೇ ಅಗೆದು ಎತ್ತಿ. ಕೈಗವಸು ಹಾಕಿಕೊಳ್ಳಿ, ಅದರ ರಸ ತಾಗಿದರೆ ತುರಿಕೆ. ಮೆತ್ತಗಾದ ಗಡ್ಡೆಗಳನ್ನು ಎಸೆದುಬಿಡಿ. ಕೂಡಲೇ ನೆಡಬಹುದು, ಇಲ್ಲವೇ ಒಣಗಿಸಿಟ್ಟು ಸೆಪ್ಟೆಂಬರಿನಲ್ಲಿ ನೆಡಿ. ಗಡ್ಡೆಯ ಎತ್ತರದ ಮೂರರಷ್ಟು ಆಳ, ನಡುವೆ ಎರಡು ಗಡ್ಡೆ ಹಿಡಿಸುವಷ್ಟು ಜಾಗ. ಮರಿಗಡ್ಡೆ ಹೂ ಬಿಡಲು ಎರಡು ಮೂರು ವರ್ಷ ಕಾಯಬೇಕು.

ಒಣಗಿಸುವಾಗ ನಾನು ಮಾಡಿದ ತಪ್ಪು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಬುಟ್ಟಿಯನ್ನು ಅಡುಗೆಮನೆಯಲ್ಲಿ ಈರುಳ್ಳಿ ಪಕ್ಕ ಇಟ್ಟಿದ್ದೆ. ಹಾಸನದಿಂದ ಅಮ್ಮ ಬಂದಿದ್ದರು. ಹುಳಿಗೆ ಅಂತ ಒಂದು ಗಡ್ಡೆ ಸುಲಿದು ಈಳಿಗೆಗೆ ಹಿಡಿದಿದ್ದರು. ಏಳು ವರ್ಷದ ಮಗಳು ‘ಅಜ್ಜಿ, ಅದು ಕೆನ್ನಿನ್ ಪೆಡರ್!’ ಎಂದು ಕೂಗಿದಳು. ಅಮ್ಮನಿಗೆ ಆ ಮಾತು ಗೊತ್ತಿಲ್ಲ, ಆದರೆ ಕೈ ನಿಂತಿತು. ಅದು ವಿಷ, ಬೇಯಿಸಿದರೂ ಹೋಗುವುದಿಲ್ಲ. 2015ರಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್, ಡ್ಯಾಫೊಡಿಲ್ ಅನ್ನು ತರಕಾರಿಯಿಂದ ದೂರ ಇಡಿ ಎಂದು ಸೂಪರ್ ಮಾರ್ಕೆಟ್‌ಗಳಿಗೇ ಹೇಳಬೇಕಾಯಿತು. ಗಡ್ಡೆಯನ್ನು ಶೆಡ್‌ನಲ್ಲೇ ಇಡಿ.

ಕೆನ್ನಿನ್ ಪೆಡರ್ ಅಂದರೆ ಇಲ್ಲಿಯ ವೆಲ್ಷ್ ಭಾಷೆಯಲ್ಲಿ ಡ್ಯಾಫೊಡಿಲ್. ಆ ಹೆಸರಿನ ಅರ್ಥವೇ ಪೀಟರನ ಲೀಕ್, ಅಂದರೆ ಈರುಳ್ಳಿ ಜಾತಿಯ ತರಕಾರಿ. ಮಾರ್ಚ್ 1, ವೇಲ್ಸ್‌ನ ಪೋಷಕ ಸಂತನ ಹಬ್ಬವಾದ ಸೇಂಟ್ ಡೇವಿಡ್ ದಿನ, ಮಗಳು ಆ ಹೂವನ್ನು ಎದೆಗೆ ಸಿಕ್ಕಿಸಿಕೊಂಡು ಶಾಲೆಗೆ ಹೋಗುತ್ತಾಳೆ. ಸುಗಂಧರಾಜದ ವಾಸನೆ ಅವಳಿಗೆ ಗೊತ್ತಿಲ್ಲ. ನನ್ನ ಹೊಟ್ಟೆಯೊಳಗೆ ಆ ಸಂಕಟ ಇದ್ದೇ ಇದೆ. ಊರಿನ ಹಿತ್ತಿಲಲ್ಲಿ ಅಮ್ಮ ಸುಗಂಧರಾಜದ ಗಡ್ಡೆ ಬಿಡಿಸುವಾಗ ನಾನು ಒಂದು ದಿನವೂ ಜೊತೆಗೆ ಕೂರಲಿಲ್ಲ.

ಮಗಳು ಕೂತಳು. ಆ ಬುಟ್ಟಿಯ ಗಡ್ಡೆಗಳನ್ನು ಅಜ್ಜಿ ಮೊಮ್ಮಗಳೇ ಬಿಡಿಸಿದ್ದು. ಮೊನ್ನೆ ಜೂನ್‌ನಲ್ಲಿ ಮತ್ತೊಂದು ಬುಡ ಎತ್ತಿ, ಅವಸರದಲ್ಲಿ ಮರಿಯೊಂದನ್ನು ಜಗ್ಗುತ್ತಿದ್ದೆ. ಅವಳು ನನ್ನ ಕೈ ಹಿಡಿದು, ಅಮ್ಮನ ಹಾಸನದ ಕನ್ನಡದಲ್ಲೇ ಹೇಳಿದಳು: ‘ಎಳೀಬೇಡಪ್ಪ, ತಾನಾಗೇ ಬಿಡುತ್ತೆ.’