ತೊಗರಿ ಸ್ಪ್ಲಿಟ್‌ಪ್ಲಾಟ್‌ನಲ್ಲಿ ತಾಕು ಹಾಳಾದರೆ ಲೆಕ್ಕ ಹೇಗೆ?

ಕಲಬುರಗಿಯ ಎರೆ ಹೊಲದಲ್ಲಿ ತೊಗರಿ ಪ್ರಯೋಗ ಹಾಕಿದರೆ ರಾಶಿಯ ಹೊತ್ತಿಗೆ ಎಲ್ಲ ತಾಕೂ ಉಳಿಯುವುದು ಅಪರೂಪ. ನನ್ನದು ಸ್ಪ್ಲಿಟ್‌ಪ್ಲಾಟ್, ಅಂದರೆ ದೊಡ್ಡ ತಾಕುಗಳನ್ನು ಸಣ್ಣ ಉಪತಾಕುಗಳಾಗಿ ಒಡೆದ ಪ್ರಯೋಗ: ಮುಖ್ಯ ತಾಕಿನಲ್ಲಿ 3 ಬಿತ್ತನೆ ದಿನಾಂಕ, ಉಪತಾಕಿನಲ್ಲಿ 8 ತಳಿ, 3 ರೆಪ್ಲಿಕೇಶನ್ (ಪುನರಾವರ್ತನೆ). ಒಟ್ಟು 72 ತಾಕು. ಸಾಲಿನ ಅಂತರ 90 ಸೆಂ.ಮೀ. ನಾಲ್ಕು ಸಾಲಲ್ಲಿ ನಡುವಿನ ಎರಡನ್ನೇ, 4 ಮೀಟರ್ ಉದ್ದಕ್ಕೆ, ತೂಗುತ್ತೇನೆ. ಆ 7.2 ಚದರ ಮೀಟರಿಗೆ 1 ಕಿಲೋ ಬಂದರೆ ಹೆಕ್ಟೇರಿಗೆ 13.9 ಕ್ವಿಂಟಲ್.

ಖಾಲಿ ತಾಕು ಏಕೆ ಖಾಲಿಯಾಯಿತು ಎಂಬುದನ್ನು ಅಂದೇ ಫೀಲ್ಡ್‌ಬುಕ್ಕಿಗೆ ಬರೆದಿಡಬೇಕು. ದನ ನುಗ್ಗಿ ಮೇಯ್ದಿದ್ದರೆ ಅದು ‘ಎನ್‌ಎ’, ಅಂದರೆ ಮಾಹಿತಿ ಇಲ್ಲ. ತಳಿಯೇ ನೆಟೆ ರೋಗಕ್ಕೆ ಒಣಗಿದ್ದರೆ ಎನ್‌ಎ ಅಲ್ಲ, ಅಲ್ಲಿ ಸಿಕ್ಕಿದ್ದೇ ಅದರ ಇಳುವರಿ, ಸೊನ್ನೆಯಾದರೂ ಸರಿ. ಅದನ್ನು ತೆಗೆದುಹಾಕಿದರೆ, ರೋಗ ಬರದ ತಾಕುಗಳ ಬಲದಿಂದ ಆ ತಳಿ ನೆಟೆ ತಡೆಯುವ ಮಾರುತಿಯ ಸಮಕ್ಕೆ ನಿಂತುಬಿಡುತ್ತದೆ. ಎಕ್ಸೆಲ್‌ನಲ್ಲಿ ಎರಡಕ್ಕೂ ಸೊನ್ನೆ ತುಂಬಿಸುವುದೇ ಹೆಚ್ಚಿನವರ ಎಡವಟ್ಟು.

ಒಂದೇ ತಾಕು ಹೋಗಿದ್ದರೆ ಹೋದ ಮೌಲ್ಯವನ್ನು ಅಂದಾಜಿಸುವ ಯೇಟ್ಸ್ ಸೂತ್ರದಿಂದ ತುಂಬಿಸಿ ಎರರ್‌ನಿಂದ ಒಂದು ಡಿಎಫ್ (ಡಿಗ್ರೀಸ್ ಆಫ್ ಫ್ರೀಡಮ್) ಕಳೆಯಬಹುದು. ಆರು ಹೋದಾಗ ನಾನು ಆ ದಾರಿ ಹಿಡಿಯುವುದಿಲ್ಲ. ‘ಆರ್’ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದಲ್ಲಿ ಎಓವಿ (ವೇರಿಯನ್ಸ್ ವಿಶ್ಲೇಷಣೆಯ ಫಂಕ್ಷನ್) ಓಡಿಸಿದರೆ ತಳಿಯ ಸಾಲು ಮುಖ್ಯ ತಾಕಿನ ಕೋಷ್ಟಕದಲ್ಲೂ ಇಣುಕುತ್ತದೆ. ಅದು ಕಂಡರೆ ಫಿಕ್ಸೆಡ್, ರ‍್ಯಾಂಡಮ್ ಎರಡೂ ಬಗೆಯ ಪರಿಣಾಮ ಹಿಡಿಯುವ ಮಿಕ್ಸೆಡ್ ಮಾಡೆಲ್‌ಗೆ ಹೋಗುವುದೇ ಸರಿ. ಅದನ್ನು ಓಡಿಸುವ ಎಲ್‌ಎಂಇಆರ್ ಫಂಕ್ಷನ್‌ನಲ್ಲಿ ದಿನಾಂಕ, ತಳಿ, ಅವೆರಡರ ಇಂಟರಾಕ್ಷನ್ ಫಿಕ್ಸೆಡ್. ರೆಪ್ಲಿಕೇಶನ್, ಅದರೊಳಗಿನ ಮುಖ್ಯ ತಾಕು ರ‍್ಯಾಂಡಮ್. ಮುಖ್ಯ ತಾಕಿನ ಪದ ಬಿಟ್ಟರೆ, 4 ಡಿಎಫ್‌ನ ಎರರ್‌ಗೆ ಹೋಲಿಸಬೇಕಾದ ದಿನಾಂಕವನ್ನು ಉಪತಾಕಿನ ಎರರ್‌ಗೆ ಹೋಲಿಸಿದಂತಾಗಿ ಇಲ್ಲದ ವ್ಯತ್ಯಾಸವೂ ಎದ್ದು ಕಾಣುತ್ತದೆ. ಆರು ತಾಕು ಹೋದರೆ ಉಪತಾಕಿನ ಎರರ್ ಡಿಎಫ್ 42 ಇದ್ದದ್ದು ಸುಮಾರು 36ಕ್ಕೆ ಇಳಿಯುತ್ತದೆ. ಪರೀಕ್ಷೆಗೆ, ಇಂಥ ಅಸಮತೋಲನಕ್ಕೆ ತಕ್ಕಂತೆ ತಿದ್ದಿದ ಕೆನ್‌ವರ್ಡ್-ರೋಜರ್ ಡಿಎಫ್ ಬಳಸಿ. ಪ್ರತಿ ಪದವನ್ನೂ ಉಳಿದೆಲ್ಲ ಪದಗಳ ಲೆಕ್ಕ ಕಳೆದು ನೋಡುವ ಟೈಪ್ 3 ಪರೀಕ್ಷೆ ಬೇಕಿದ್ದರೆ ಮೊದಲು ಸಮ್ ಕಾಂಟ್ರಾಸ್ಟ್ (ಗುಣಾಂಕಗಳ ಮೊತ್ತ ಸೊನ್ನೆಯಾಗುವ ಕೋಡಿಂಗ್) ಹಾಕಿ. ರೆಪ್ಲಿಕೇಶನ್ 1, 2, 3 ಅಂತ ಇದ್ದರೆ ಫ್ಯಾಕ್ಟರ್ (ಸಂಖ್ಯೆಯಲ್ಲ, ವರ್ಗ) ಮಾಡಲು ಮರೆಯಬೇಡಿ.

ಸರಾಸರಿಯಲ್ಲೇ ದೊಡ್ಡ ಮೋಸ. ಲೆಕ್ಕಕ್ಕೆ, ಒಂದು ತಳಿ ಮೂರು ದಿನಾಂಕದಲ್ಲಿ 15, 13, 8 ಕ್ವಿಂಟಲ್ ಕೊಟ್ಟಿತು ಎನ್ನೋಣ. ತಡವಾಗಿ ಬಿತ್ತಿದ ಎರಡು ತಾಕು ಹೋದರೆ ಉಳಿದ ಏಳರ ಸರಾಸರಿ 13.1, ದಿನಾಂಕಗಳಿಗೆ ಸಮ ತೂಕ ಕೊಟ್ಟರೆ 12. ವರದಿಗೆ, ಹೀಗೆ ಸಮ ತೂಕದ ಸರಾಸರಿ ಕೊಡುವ ಇಎಂಮೀನ್ಸ್ ಪ್ಯಾಕೇಜಿನ ಈ 12ನ್ನೇ ಹಾಕುತ್ತೇನೆ. ಎಲ್ಲ ಜೋಡಿಗೂ ಒಂದೇ ಸಿಡಿ (ಕ್ರಿಟಿಕಲ್ ಡಿಫರೆನ್ಸ್) ಇಲ್ಲಿ ನಡೆಯದು, ಜೋಡಿಜೋಡಿಗೂ ಎಸ್‌ಇಡಿ (ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್) ಬೇರೆ. ಒಂದು ದಿನಾಂಕದ ಮೂರೂ ತಾಕು ಹೋದ ತಳಿಗೆ ಅಂದಾಜೇ ಸಿಗದು. ಆ ತಳಿಯನ್ನು ಉಳಿದ ಎರಡು ದಿನಾಂಕಗಳಲ್ಲಷ್ಟೇ ಹೋಲಿಸಿ. ಯಾವುದೋ ರ‍್ಯಾಂಡಮ್ ಪದದ ವೇರಿಯನ್ಸ್ ಸೊನ್ನೆಗಿಳಿದು ‘ಸಿಂಗ್ಯುಲರ್ ಫಿಟ್’ ಎಂಬ ಸೂಚನೆ ಬಂದಾಗ ಮುಖ್ಯ ತಾಕಿನ ಪದ ಕಿತ್ತುಹಾಕುವ ಚಪಲ ಬರುತ್ತದೆ. ಬಿತ್ತಿದ್ದು ಸ್ಪ್ಲಿಟ್‌ಪ್ಲಾಟ್ ಆದ್ದರಿಂದ ನಾನು ಅದನ್ನು ಮಾಡೆಲ್‌ನಲ್ಲೇ ಬಿಡುತ್ತೇನೆ.