ಒಳ್ಳೆಮೆಣಸಿನ ಬಳ್ಳಿ ಬಾಡಿದರೆ ಮೊದಲು ಬುಡ ನೋಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಅಡಿಕೆ ತೋಟ ಇದ್ದವರಿಗೆ ಜೋರು ಮಳೆಯ ಆಟಿ ತಿಂಗಳಲ್ಲಿ ಎರಡು ಚಿಂತೆ: ಅಡಿಕೆಗೆ ಕೊಳೆರೋಗ, ಒಳ್ಳೆಮೆಣಸಿಗೆ (ಕಾಳುಮೆಣಸಿಗೆ) ಸೊರಗು ರೋಗ. ಎರಡೂ ಫೈಟೋಫ್ತೊರಾ ಕುಲದ ರೋಗಾಣುಗಳ ಕೆಲಸವೇ. ಅಡಿಕೆಯದ್ದಾದರೆ ಕಾಯಿ ಉದುರಿ ಗೊತ್ತಾಗುತ್ತದೆ. ಬಳ್ಳಿಯ ಎಲೆ ಜೋತುಬೀಳುವಾಗ ಬುಡದಲ್ಲಿ ಎಲ್ಲ ಮುಗಿದಿರುತ್ತದೆ.

ಕಳೆದ ಮಳೆಗಾಲ ತೋಡಿನ ಬದಿಯ ಪನ್ನಿಯೂರು ತಳಿಯ ಕೆಲವು ಬಳ್ಳಿಗಳು ಬಾಡಿದವು. ನೆರೆಮನೆಯವರು ನೋಡಿ, "ಸ್ವಲ್ಪ ಯೂರಿಯ ಹಾಕು ಭಾವ, ಹಸಿರಾಗ್ತದೆ" ಎಂದರು. ಗೊಬ್ಬರದ ಕೊರತೆಯಾದರೆ ಎಲೆ ನಿಧಾನಕ್ಕೆ ಹಳದಿಯಾಗಬೇಕು. ಇಲ್ಲಿ ಹಸಿರೆಲೆಯೇ ಉದುರುತ್ತಿತ್ತು, ಮುಟ್ಟಿದರೆ ಗೆಣ್ಣಿನಲ್ಲಿ ಕಳಚಿ ಬರುತ್ತಿತ್ತು. ಬುಡದ ಮಣ್ಣನ್ನು ಕೈಯಲ್ಲೇ ಸರಿಸಿ, ನೆಲಮಟ್ಟದ ಕಾಂಡವನ್ನು ಪೀಶಕತ್ತಿಯಿಂದ ಕೆರೆದೆ. ಸಿಪ್ಪೆ ಕಪ್ಪಗೆ, ಲೋಳೆಲೋಳೆ, ಕೊಳೆತ ನಾತ. ಸ್ವಲ್ಪ ಮೇಲೆ ಕೆರೆದರೂ ಹಸಿರು ಸಿಗಲಿಲ್ಲ. ಅಂಥ ಬಳ್ಳಿಗೆ ಏನು ಸುರಿದರೂ ದುಡ್ಡು ದಂಡ. ಬೇರುಸಹಿತ ಕಿತ್ತು ತೋಟದ ಹೊರಗೆ ಸುಟ್ಟೆ. ಉಳಿಸಬೇಕಾದ್ದು ಅದರ ಅಕ್ಕಪಕ್ಕದವನ್ನು.

ಪಕ್ಕದ ಬಳ್ಳಿಗಳಲ್ಲಿ ಕೆಳಗಿನ ಎಲೆಗಳ ಮೇಲೆ ಮಾತ್ರ ಕಪ್ಪು ಚುಕ್ಕೆ, ಅಂಚು ನೂಲು ಬಿಚ್ಚಿದ ಬಟ್ಟೆಯ ಹಾಗೆ. ಮಳೆಹನಿ ನೆಲಕ್ಕೆ ಬಿದ್ದು ಎರಚಿದ ಮಣ್ಣಿನಿಂದ ಬಂದದ್ದು. ನೆಲದಲ್ಲಿ ಹಬ್ಬಿದ ಕುಡಿಗಳನ್ನೆಲ್ಲ ಕತ್ತರಿಸಿದೆ, ನೀರು ಹರಿಯುವ ಕಣಿಯ ಕಸ ತೆಗೆಸಿ ನಿಂತ ನೀರು ತೋಡಿಗೆ ಬಿಟ್ಟೆ. ಆಮೇಲೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಮದ್ದನ್ನು ಲೀಟರ್ ನೀರಿಗೆ 2 ಗ್ರಾಮಿನಂತೆ ಕಲಕಿ, ಬಳ್ಳಿಯ ಗಾತ್ರ ನೋಡಿ 5ರಿಂದ 10 ಲೀಟರ್ ಬುಡಕ್ಕೆ ಹೊಯ್ದೆ. ಕಣಿ ಸರಿಯಿಲ್ಲದ ತೋಟದಲ್ಲಿ ಮದ್ದಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಮಳೆಗಾಲದಲ್ಲಿ ಬುಡ ಅಗೆದು ಗೊಬ್ಬರ ಹಾಕುವುದಂತೂ ಬೇಡವೇ ಬೇಡ, ಬೇರಿನ ಗಾಯ ರೋಗಕ್ಕೆ ಬಾಗಿಲು.

ಎಲೆಗೆ ಬಿಡುವುದು ಶೇ. 1ರ ಬೋರ್ಡೋ ದ್ರಾವಣ. 1 ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು, ಪಾತ್ರೆ ಪ್ಲಾಸ್ಟಿಕ್ಕಿನದ್ದೇ ಆಗಬೇಕು. ಹೊಳೆಯುವ ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಕೆಂಪು ಹಿಡಿದರೆ ಸುಣ್ಣ ಸಾಲದು. ಕಲಸಿದ್ದನ್ನು ಆ ದಿನವೇ ಮುಗಿಸಬೇಕು. ಕಂಗಿಗೆ (ಅಡಿಕೆ ಮರಕ್ಕೆ) ಮದ್ದು ಬಿಡುವವರು ಬಂದ ದಿನವೇ ಬಳ್ಳಿಗೂ ಬಿಡಿಸುತ್ತೇನೆ: ಮಳೆ ಹಿಡಿಯುವ ಮೊದಲು ಒಮ್ಮೆ, ಆಗಸ್ಟ್ ಹೊತ್ತಿಗೆ ಬಿಸಿಲು ಬಿದ್ದಾಗ ಇನ್ನೊಮ್ಮೆ.

ಗುಡ್ಡೆಯ ಮೇಲಿನ ಬಳ್ಳಿಗಳದ್ದು ಬೇರೆ ಕತೆ. ಮಳೆ ಬಿಟ್ಟ ಮೇಲೆ ಹಳದಿಯಾಗಿ, ಮುಂದಿನ ಮಳೆಗೆ ಸ್ವಲ್ಪ ಚಿಗುರಿ, ಮತ್ತೆ ಸೊರಗುತ್ತವೆ. ಕಾಂಡ ಕೆರೆದರೆ ಹಸಿರೇ ಇದೆ, ಆದರೆ ಸಣ್ಣ ಬೇರುಗಳಲ್ಲಿ ಗಂಟು. ಅದು ಬೇರಿಗೆ ಬೀಳುವ, ಕಣ್ಣಿಗೆ ಕಾಣದ ಜಂತುಹುಳ (ನೆಮಟೋಡ್). ಬೋರ್ಡೋ ಅದಕ್ಕೆ ನಾಟುವುದಿಲ್ಲ. ಹಟ್ಟಿಗೊಬ್ಬರ, ಬೇವಿನ ಹಿಂಡಿಗೆ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರ ಕಲಸಿ, ನೆರಳಲ್ಲಿ ತೇವ ಆರದಂತೆ ಸುಮಾರು 15 ದಿನ ಇಟ್ಟು ಕೊಡುತ್ತಿದ್ದೇನೆ. ಟ್ರೈಕೋಡರ್ಮ ಬೇರನ್ನು ಕಾಯುತ್ತದೆ, ಹುಳಕ್ಕೆ ಹಿಂಡಿಯೇ ಮುಖ್ಯ. ತಾಮ್ರದ ಮದ್ದು ಹೊಯ್ದ ಬುಡಕ್ಕೆ ಇದನ್ನು ಕೂಡಲೇ ಹಾಕಬಾರದು, ಟ್ರೈಕೋಡರ್ಮವೇ ಸಾಯುತ್ತದೆ. ಕೆಲವು ವಾರದ ಅಂತರ ಬೇಕು.

ತೋಡಿನ ಬದಿಯ ಖಾಲಿ ಜಾಗಕ್ಕೆ ಈ ಸಲ ಹಿಪ್ಪಲಿ ಬುಡಕ್ಕೆ ಒಳ್ಳೆಮೆಣಸು ಕಸಿ ಕಟ್ಟಿದ ಗಿಡ ಇಟ್ಟಿದ್ದೇನೆ. ಬುಡದಲ್ಲಿ ಬ್ರೆಜಿಲ್ ಹಿಪ್ಪಲಿ ಇರುವುದರಿಂದ ಈ ಕೊಳೆತ ತಗಲುವುದಿಲ್ಲ, ಒದ್ದೆಯನ್ನೂ ತಡೆಯುತ್ತದೆ. ಬೇಸಗೆಯಲ್ಲಿ ಮಾತ್ರ ನೀರು ತಪ್ಪಬಾರದು. ಆದ್ದರಿಂದ ಗುಡ್ಡೆಗೆ ಕರಿಮುಂಡ ತಳಿಯ ಒಳ್ಳೆಮೆಣಸೇ.